ಬ್ಲೂಸ್ ಸಾಮ್ರಾಜ್ಞಿ ಬೆಸ್ಸಿ ಸ್ಮಿತ್

ಕಪ್ಪು ಬಿಳುಪಿನ ಒಂದು ಕಿರುಚಿತ್ರ. ಅವಧಿ ಸುಮಾರು ಹದಿನಾರು ನಿಮಿಷ. ಹೆಸರು ‘ಸೇಂಟ್ ಲೂಯಿಸ್ ಬ್ಲೂಸ್’. ಚಲಚ್ಚಿತ್ರಕ್ಕೆ ಮಾತು ಬಂದು ಎರಡು ವರ್ಷವೂ ತುಂಬದಿದ್ದ 1929ರ ಜೂನ್ ತಿಂಗಳಲ್ಲಿ ಅದು ನ್ಯೂಯಾರ್ಕಿನಲ್ಲಿ ತಯಾರಾಯಿತು. ಒಂದು ಹಾಡಿಗಾಗಿಯೇ ಹೆಣೆದ ಕಥೆ ಅದು. ಹಾಡುವವಳು ಬೆಸ್ಸಿ ಸ್ಮಿತ್. ಇಂದು ಹಾಡಿಗೊಂದು ವಿಡಿಯೋ ಇರುವುದು ಮಾಮೂಲಿ ಸಂಗತಿ. ಆ ಪದ್ಧತಿ ಬರುವುದಕ್ಕೆ ಎಷ್ಟೋ ದಶಕಗಳ ಮುಂಚಿನ ಈ ಚಿತ್ರಕ್ಕೆ ಬೇರೆಯೇ ಒಂದು ಬೆಲೆಯಿದೆ. ಬೆಸ್ಸಿ ಸ್ಮಿತ್ ಉಸಿರೆಳೆದು ಬಾಯ್ತೆರೆದು ಹಾಡುವುದನ್ನು ನಾವು ಕಣ್ಣಾರೆ ನೋಡಬಹುದಾದದ್ದು ಇದೊಂದರಲ್ಲೇ. ಆಕೆ ನಟಿಸಿದ ಬೇರೆ ಚಿತ್ರ ಇಲ್ಲ.

ಈ ಚಿತ್ರದಲ್ಲಿ ಕಾಣುವುದು ಗಂಡಸಿನ ಪೆಟ್ಟು ತಿಂದು ನೆಲಕ್ಕೆ ಬಿದ್ದ ಹೆಂಗಸು. ಇನ್ನು ಆಕೆಯ ಸಾವಿನ ಕುರಿತು ಹಬ್ಬಿದ ಕಥೆಯಲ್ಲಿ ಕಾಣುವುದು ಬಿಳಿಯರ ಆಸ್ಪತ್ರೆಯ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಲ್ಪಟ್ಟು, ರಕ್ತ ಸೋರಿ ಪ್ರಾಣಬಿಟ್ಟ ಹೆಂಗಸು. ಮೊದಲನೆಯದು ನಟನೆ, ಎರಡನೆಯದು ನಡೆಯದ ಸಂಗತಿ. ಆದರೂ ಜನರ ಮನಸ್ಸಿನಲ್ಲಿ ಬಹುಕಾಲ ನಿಂತದ್ದು ಇವೆರಡೇ. ಜನ ಆಕೆಗಾಗಿ ಮರುಗಿದರು, ಆಕೆಯನ್ನು ಅರಿಯಲಿಲ್ಲ. ನಿಜವಾದ ಬೆಸ್ಸಿ ಸ್ಮಿತ್ ಯಾರ ಕನಿಕರವನ್ನೂ ಬೇಡಿದವಳಲ್ಲ. ಆಕೆಯ ಬದುಕನ್ನು ಮೊದಲಿನಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಬೀದಿಯಿಂದ ಮೇಳಕ್ಕೆ

ಅಮೆರಿಕದ ದಕ್ಷಿಣ ಭಾಗದ ಟೆನೆಸೀ ರಾಜ್ಯದಲ್ಲಿ ಚಟನೂಗಾ ಎಂಬ ಪಟ್ಟಣವಿದೆ. ನದಿಯ ದಂಡೆಯ ಊರು, ರೈಲು ಮಾರ್ಗಗಳು ಕೂಡುವ ಊರು. ಬೆಸ್ಸಿ ಹುಟ್ಟಿದ್ದು ಇಲ್ಲಿಯ ಬಡ ಕಪ್ಪುಜನರ ಕೇರಿಯಲ್ಲಿ. ಹುಟ್ಟಿದ ವರ್ಷದ ಬಗ್ಗೆ ದಾಖಲೆಗಳಲ್ಲಿ ಒಮ್ಮತವಿಲ್ಲ. ಆಕೆಯ ಮದುವೆಯ ಪತ್ರದಲ್ಲಿ 1894ರ ಏಪ್ರಿಲ್ 15 ಎಂದಿದೆ. ಜನಗಣತಿಯ ಲೆಕ್ಕ ಹಿಡಿದರೆ 1892 ಎನ್ನಬೇಕಾಗುತ್ತದೆ. ಗುಲಾಮಗಿರಿ ಕಾನೂನಿನಿಂದ ಹೋಗಿ ಮೂವತ್ತು ವರ್ಷವಾಗಿದ್ದ ಆ ಕಾಲದಲ್ಲಿ ಬಡವರ ಮಗುವಿನ ಹುಟ್ಟನ್ನು ಸರಿಯಾಗಿ ಬರೆದಿಡುವವರು ಯಾರು?

ತಂದೆ ವಿಲಿಯಂ ಸ್ಮಿತ್ ಕೂಲಿಯವನು, ಬಿಡುವಿನಲ್ಲಿ ಬ್ಯಾಪ್ಟಿಸ್ಟ್ ಪಂಥದ ಧರ್ಮಬೋಧಕ. ಮಗಳಿಗೆ ನೆನಪು ಕೂಡುವ ಮೊದಲೇ ಆತ ತೀರಿಕೊಂಡ. ಒಂಬತ್ತು ವರ್ಷ ತುಂಬುವಷ್ಟರಲ್ಲಿ ತಾಯಿ ಲಾರಾಳೂ ಇಲ್ಲವಾದಳು. ಒಬ್ಬ ಅಣ್ಣನೂ ಹೋದ. ಹಿರಿಯಕ್ಕ ವಯೋಲಾ ಉಳಿದವರ ಹೊಣೆ ಹೊತ್ತಳು. ಮನೆಗೆ ನಾಲ್ಕು ಕಾಸು ತರಲೆಂದು ಬೆಸ್ಸಿ ಬೀದಿಗಿಳಿದಳು. ಅಣ್ಣ ಆಂಡ್ರೂ ಗಿಟಾರ್ ನುಡಿಸುವನು, ತಂಗಿ ಹಾಡುವಳು, ಕುಣಿಯುವಳು. ಕಪ್ಪುಜನರ ಬಡಾವಣೆಯ ಮದ್ಯದಂಗಡಿಯೊಂದರ ಮುಂದಿನ ಮೂಲೆ ಅವರ ರಂಗಸ್ಥಳ. ದಾರಿಹೋಕರು ಎಸೆದ ಚಿಲ್ಲರೆಯೇ ಸಂಭಾವನೆ.

ಇನ್ನೊಬ್ಬ ಅಣ್ಣ ಕ್ಲಾರೆನ್ಸ್ 1904ರಲ್ಲಿ ಯಾರಿಗೂ ಹೇಳದೆ ಊರು ಬಿಟ್ಟು ಮೋಸೆಸ್ ಸ್ಟೋಕ್ಸ್ ಎಂಬವನ ಸಂಚಾರಿ ಮೇಳ ಸೇರಿದ್ದ. ತಂಗಿ ಆಗ ತೀರ ಚಿಕ್ಕವಳು. ಎಂಟು ವರ್ಷ ಕಳೆದು 1912ರಲ್ಲಿ ಮೇಳ ಮತ್ತೆ ಚಟನೂಗಾಕ್ಕೆ ಬಂದಾಗ ಅಣ್ಣನೇ ತಂಗಿಯನ್ನು ಯಜಮಾನರ ಮುಂದೆ ನಿಲ್ಲಿಸಿದ. ಅವರು ಆಕೆಯನ್ನು ಸೇರಿಸಿಕೊಂಡದ್ದು ಹಾಡಲಿಕ್ಕಲ್ಲ, ಕುಣಿಯಲಿಕ್ಕೆ. ಏಕೆಂದರೆ ಹಾಡಲು ಆ ಮೇಳದಲ್ಲಿ ಮಾ ರೇನಿ ಇದ್ದಳು. ಬ್ಲೂಸ್ ಹಾಡನ್ನು ರಂಗಕ್ಕೆ ತಂದವರ ಪೈಕಿ ಮೊದಲ ಸಾಲಿನ ಹೆಸರು ಅದು. ಮಾ ರೇನಿ ಬೆಸ್ಸಿಗೆ ಹಾಡು ಕಲಿಸಿದಳೆಂದು ಕೆಲವರು ಹೇಳುವುದುಂಟು. ಆದರೆ ಬೆಸ್ಸಿಗೆ ಆಗಲೇ ತನ್ನದೇ ಕಂಠ ಇತ್ತು. ಸಭೆಯನ್ನು ಹಿಡಿದು ನಿಲ್ಲಿಸುವ ಬಗೆಯನ್ನು ಹಿರಿಯಳಿಂದ ಕಲಿತಿರಬೇಕು.

1913ರಿಂದ ಅಟ್ಲಾಂಟಾ ನಗರದ ‘81’ ಎಂಬ ರಂಗಮಂದಿರ ಆಕೆಯ ನೆಲೆಯಾಯಿತು. ಅಲ್ಲಿಂದ ಊರೂರು ಸುತ್ತಾಟ. ಮುಂದಿನ ಹತ್ತು ವರ್ಷಗಳಲ್ಲಿ ದಕ್ಷಿಣದ ಉದ್ದಗಲಕ್ಕೂ, ಪೂರ್ವ ಕರಾವಳಿಯ ಪಟ್ಟಣಗಳಲ್ಲೂ ಬೆಸ್ಸಿಯ ಹೆಸರು ಕೇಳಿದರೆ ಟಿಕೇಟು ಮುಗಿಯುವ ಸ್ಥಿತಿ ಬಂತು. ಇಷ್ಟಾದರೂ ಒಂದು ಗ್ರಾಮಫೋನ್ ತಟ್ಟೆಯೂ ಆಕೆಯ ಹೆಸರಿನಲ್ಲಿ ಬಂದಿರಲಿಲ್ಲ.

ಬ್ಲೂಸ್ ಎಂದರೆ

ಬ್ಲೂಸ್ ಎಂಬುದು ಅಮೆರಿಕದ ದಕ್ಷಿಣ ಸಂಸ್ಥಾನಗಳ ಹತ್ತಿಯ ಹೊಲಗಳಲ್ಲಿ, ರೈಲು ಹಾದಿಯ ಕೂಲಿಗಳ ನಡುವೆ, ಪ್ರಾರ್ಥನಾ ಮಂದಿರಗಳಲ್ಲಿ ಬೆಳೆದ ಕಪ್ಪುಜನರ ಹಾಡಿನ ಪರಂಪರೆಯಿಂದ ಮೂಡಿದ ಪ್ರಕಾರ. ಅದರ ಕಟ್ಟು ಸರಳ. ಮೂರು ಸಾಲಿನ ಪದ್ಯ. ಮೊದಲ ಸಾಲನ್ನು ಎರಡು ಬಾರಿ ಹಾಡುತ್ತಾರೆ. ಮೂರನೆಯದು ಅದಕ್ಕೆ ಉತ್ತರ. ಹನ್ನೆರಡು ಆವರ್ತಗಳಲ್ಲಿ ಒಂದು ಪದ್ಯ ಮುಗಿಯುತ್ತದೆ. ಪ್ರತಿ ಸಾಲಿನ ಕೊನೆಗೆ ಹಾಡುವವರು ಬಿಟ್ಟ ಜಾಗದಲ್ಲಿ ವಾದ್ಯ ಮಾತಾಡುತ್ತದೆ. ಕೆಲವು ಸ್ವರಗಳನ್ನು ನೇರವಾಗಿ ಹಿಡಿಯದೆ ಸ್ವಲ್ಪ ಕೆಳಗೆ ಎಳೆದು ಬಳುಕಿಸುವುದು ಅದರ ಜೀವಾಳ. ಪ್ರೀತಿಯ ಮುರುಕು, ಬಡತನ, ಜೈಲು, ನೆರೆ, ಊರು ಬಿಟ್ಟು ಹೋಗುವ ರೈಲು, ಇವೇ ವಸ್ತು. ದುಃಖದ ಹಾಡೆಂದು ಹೆಸರಾದರೂ ಅಳುವುದು ಅದರ ಗುರಿಯಲ್ಲ. ಆದದ್ದನ್ನು ಎದುರಿಗಿಟ್ಟು ನೋಡುವ ಎದೆಗಾರಿಕೆ ಅದರಲ್ಲಿದೆ, ನಗುವೂ ಇದೆ.

1920ರಲ್ಲಿ ಮೇಮಿ ಸ್ಮಿತ್ ಎಂಬ ಇನ್ನೊಬ್ಬ ಗಾಯಕಿಯ ‘ಕ್ರೇಜಿ ಬ್ಲೂಸ್’ ತಟ್ಟೆ ಭಾರಿ ಮಾರಾಟವಾದಾಗ ಕಂಪನಿಗಳ ಕಣ್ಣು ತೆರೆಯಿತು. ಕಪ್ಪುಜನರೂ ದುಡ್ಡು ಕೊಟ್ಟು ಹಾಡು ಕೊಳ್ಳುತ್ತಾರೆಂಬುದು ಆಗ ಅವರಿಗೆ ಹೊಳೆಯಿತು. ಗಾಯಕಿಯರ ಹುಡುಕಾಟ ಶುರುವಾಯಿತು. ಬೆಸ್ಸಿಯನ್ನು ಮಾತ್ರ ಒಂದೆರಡು ಕಂಪನಿಗಳು ಕಂಠ ಒರಟೆಂದು ತಿರಸ್ಕರಿಸಿದವು. ಕಡೆಗೆ ಕೊಲಂಬಿಯಾ ಕಂಪನಿ ಕರೆಸಿತು. 1923ರ ಫೆಬ್ರವರಿ 15ರಂದು ನ್ಯೂಯಾರ್ಕಿನಲ್ಲಿ ಮಾಡಿದ ಪ್ರಯತ್ನಗಳು ಸರಿಹೋಗಲಿಲ್ಲ. ಮರುದಿನ ‘ಡೌನ್ ಹಾರ್ಟೆಡ್ ಬ್ಲೂಸ್’ ಮುದ್ರಣವಾಯಿತು. ಆಲ್ಬರ್ಟಾ ಹಂಟರ್ ಮತ್ತು ಲೋವಿ ಆಸ್ಟಿನ್ ಎಂಬ ಇಬ್ಬರು ಮಹಿಳೆಯರು ರಚಿಸಿದ ಹಾಡು. ಆರು ತಿಂಗಳೊಳಗೆ 7,80,000 ತಟ್ಟೆಗಳು ಮಾರಾಟವಾದವೆಂದು ಹೇಳುತ್ತಾರೆ.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಬಳಕೆಗೆ ಯೋಗ್ಯವಾದ ಒಂದೊಂದು ಹಾಡಿಗೆ ಇಂತಿಷ್ಟು ಡಾಲರ್ ಎಂದು ಕೊಟ್ಟು ಕಂಪನಿ ಕೈತೊಳೆದುಕೊಂಡಿತು. ಮೊದಲಿಗೆ ಅದು 125 ಡಾಲರ್. ಮಾರಾಟದಲ್ಲಿ ಪಾಲು, ಅಂದರೆ ರಾಯಲ್ಟಿ, ಆಕೆಗೆ ಇರಲಿಲ್ಲ. ಕೊಲಂಬಿಯಾಕ್ಕಾಗಿ ಆಕೆ ಹಾಡಿದ ಸುಮಾರು 160 ಹಾಡುಗಳ ಕಥೆಯೂ ಇದೇ. ಬಹುಕಾಲದ ನಂತರ ಆಕೆಯ ಸಾಕುಮಗ ಈ ವಿಚಾರವನ್ನು ನ್ಯಾಯಾಲಯಕ್ಕೆ ಒಯ್ದ. 1979ರಲ್ಲಿ ಫಿಲಡೆಲ್ಫಿಯಾದ ಫೆಡರಲ್ ನ್ಯಾಯಾಲಯ, ಮುಖ್ಯವಾಗಿ ಕಾಲ ಮೀರಿತೆಂಬ ಕಾರಣದಿಂದ, ಆ ದಾವೆಯನ್ನು ವಜಾ ಮಾಡಿತು.

ಸೇಂಟ್ ಲೂಯಿಸ್ ಬ್ಲೂಸ್

ಈ ಹಾಡಿನ ಕರ್ತೃ ಡಬ್ಲ್ಯೂ. ಸಿ. ಹ್ಯಾಂಡಿ. ಅಲಬಾಮಾದ ಪಾದ್ರಿಯೊಬ್ಬರ ಮಗ, ಬ್ಯಾಂಡ್ ಮೇಳದ ನಾಯಕ. 1912ರಲ್ಲಿ ತನ್ನ ‘ಮೆಂಫಿಸ್ ಬ್ಲೂಸ್’ ಹಾಡಿನ ಹಕ್ಕನ್ನು ಬರಿಯ 50 ಡಾಲರಿಗೆ ಮಾರಿ ಆತ ಕೈ ಸುಟ್ಟುಕೊಂಡಿದ್ದ. ಆ ಪಾಠ ಕಲಿತು 1914ರಲ್ಲಿ ‘ಸೇಂಟ್ ಲೂಯಿಸ್ ಬ್ಲೂಸ್’ ಬರೆದಾಗ ತಾನೇ ಪ್ರಕಾಶಕನಾದ. ಪಟ್ಟಣದ ಬೆಡಗಿಯ ಹಿಂದೆ ಹೋದ ಗಂಡಸಿಗಾಗಿ ಹಂಬಲಿಸುವ ಹೆಣ್ಣಿನ ಹಾಡು ಅದು. ಸೇಂಟ್ ಲೂಯಿಸ್ ನಗರದ ಬೀದಿಯಲ್ಲಿ ಗಂಡನ ಕಲ್ಲೆದೆಯನ್ನು ಬೈದುಕೊಂಡು ತಡವರಿಸುತ್ತ ಹೋಗುತ್ತಿದ್ದ ಒಬ್ಬಳನ್ನು ಕಂಡ ನೆನಪು ಅದಕ್ಕೆ ಬೀಜವೆಂದು ಹ್ಯಾಂಡಿಯೇ ಬರೆದಿದ್ದಾನೆ. ಬ್ಲೂಸ್‌ನ ಹನ್ನೆರಡು ಆವರ್ತಗಳ ನಡುವೆ ಟ್ಯಾಂಗೋ ನೃತ್ಯದ ನಡಿಗೆಯೊಂದನ್ನು ಸೇರಿಸಿದ್ದು ಆತನ ಜಾಣ್ಮೆ.

ಬೆಸ್ಸಿ ಇದನ್ನು ಮೊದಲು ಹಾಡಿ ಮುದ್ರಿಸಿದ್ದು 1925ರ ಜನವರಿ 14ರಂದು. ಜೊತೆಗಿದ್ದವರು ಇಬ್ಬರೇ. ಕಾರ್ನೆಟ್ ಊದಿದವನು 23 ವರ್ಷದ ಲೂಯಿ ಆರ್ಮ್‌ಸ್ಟ್ರಾಂಗ್; ಮುಂದೆ ಜಾಸ್ ಸಂಗೀತದಲ್ಲಿ ಅವನನ್ನು ಮೀರಿಸಿದವರಿಲ್ಲ ಎನ್ನಿಸಿಕೊಂಡವನು. ಫ್ರೆಡ್ ಲಾಂಗ್‌ಶಾ ನುಡಿಸಿದ್ದು ಪಿಯಾನೋ ಅಲ್ಲ, ಹಾರ್ಮೋನಿಯಮ್. ನಮ್ಮ ಭಜನೆಗಳಲ್ಲಿ ಕೇಳುವ ಪೆಟ್ಟಿಗೆಯ ಜಾತಿಯದೇ ವಾದ್ಯ. ಕಾಲಿನಿಂದ ತಿದಿಯೊತ್ತುವ ದೊಡ್ಡ ಪೆಟ್ಟಿಗೆ. ಆಗ ಮೈಕು ಬಂದಿರಲಿಲ್ಲ. ತಗಡಿನ ಕಹಳೆಯೊಂದರ ಮುಂದೆ ನಿಂತು ಹಾಡಬೇಕಿತ್ತು. ಆ ಕಹಳೆಯೊಳಗೆ ಇಳಿದ ಧ್ವನಿ ನೂರು ವರ್ಷ ಕಳೆದರೂ ಕೇಳುವವರ ಎದೆ ತಟ್ಟುತ್ತದೆ.

ಈ ಮೂರು ನಿಮಿಷಗಳಲ್ಲಿ ಆಕೆ ಅವಸರ ಮಾಡುವುದೇ ಇಲ್ಲ. ಹಾರ್ಮೋನಿಯಮ್‌ನ ಎಳೆದ ಸ್ವರ ನೆಲದ ಹಾಗೆ ಕೆಳಗೆ ಹಾಸಿದೆ. ಅದರ ಮೇಲೆ ಆಕೆ ಒಂದೊಂದು ಪದವನ್ನೂ ತೂಗಿ ಇಡುತ್ತಾಳೆ. ಬಳಸುವುದು ಕೆಲವೇ ಸ್ವರ. ಎತ್ತರಕ್ಕೆ ಏರುವ ಚಮತ್ಕಾರವಿಲ್ಲ. ಒಂದು ಸ್ವರವನ್ನು ಹಿಡಿದು, ಬಳುಕಿಸಿ, ಬಿಟ್ಟುಕೊಡುವುದರಲ್ಲೇ ಎಲ್ಲವೂ ಇದೆ. ಸಾಲು ಮುಗಿದಲ್ಲಿ ಆರ್ಮ್‌ಸ್ಟ್ರಾಂಗನ ಕಾರ್ನೆಟ್ ಸಮಾಧಾನ ಹೇಳುವಂತೆ, ಕೆಲವೊಮ್ಮೆ ಎದುರಾಡುವಂತೆ ಉತ್ತರಿಸುತ್ತದೆ. ಈ ಹಾಡನ್ನು ಹಾಡಿದವರು ಅಸಂಖ್ಯ. ಆದರೆ ಬೆಸ್ಸಿಯ ಈ ತಟ್ಟೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡವರು ಬಹಳ.

ಹಳದಿ ರೈಲುಗಾಡಿ

ತಟ್ಟೆಗಳಿಂದ ಕಂಪನಿ ಗಳಿಸಿತು. ಬೆಸ್ಸಿ ಗಳಿಸಿದ್ದು ರಂಗಸ್ಥಳದಿಂದ. ವಾರಕ್ಕೆ ಒಂದೂವರೆ, ಎರಡು ಸಾವಿರ ಡಾಲರ್ ವರೆಗೆ ಪಡೆಯುತ್ತಿದ್ದ ಆಕೆ ಆ ಕಾಲದ ಕಪ್ಪುಜನರ ಕಲಾವಿದರಲ್ಲಿ ಅತ್ಯಧಿಕ ಸಂಭಾವನೆಯವಳೆಂದು ಹೆಸರಾದಳು. ಕಂಪನಿಯ ಜಾಹೀರಾತು ಆಕೆಯನ್ನು ಬ್ಲೂಸ್ ರಾಣಿ ಎಂದು ಕರೆಯಿತು. ಪತ್ರಿಕೆಗಳು ಅಷ್ಟಕ್ಕೆ ತೃಪ್ತಿಪಡದೆ ಸಾಮ್ರಾಜ್ಞಿ ಎಂದು ಬಡ್ತಿ ಕೊಟ್ಟವು.

ಆದರೆ ಸಾಮ್ರಾಜ್ಞಿಗೂ ದಕ್ಷಿಣದ ಊರುಗಳಲ್ಲಿ ಉಳಿಯಲು ಹೋಟೆಲಿರಲಿಲ್ಲ. ಬಿಳಿಯರಿಗೊಂದು, ಕರಿಯರಿಗೊಂದು ಎಂದು ಬಾವಿ, ಬಂಡಿ, ಶಾಲೆ, ಆಸ್ಪತ್ರೆ ಎಲ್ಲವನ್ನೂ ಕಾನೂನೇ ಬೇರ್ಪಡಿಸಿದ್ದ ಕಾಲ. 1925ರಲ್ಲಿ ಬೆಸ್ಸಿ ಇದಕ್ಕೆ ಪರಿಹಾರ ಕಂಡುಕೊಂಡಳು. ತನ್ನದೇ ಒಂದು ರೈಲುಗಾಡಿಯನ್ನು ಮಾಡಿಸಿಕೊಂಡಳು. ಎಪ್ಪತ್ತು ಅಡಿ ಮೀರಿದ ಉದ್ದದ ಹಳದಿ ಬಣ್ಣದ ಗಾಡಿ. ಒಳಗೆ ಮಲಗುವ ಕೋಣೆ, ಅಡಿಗೆಮನೆ, ಡೇರೆ ಸಾಮಾನು ಹೇರುವ ಜಾಗ. ಇಡೀ ಮೇಳ ಅದರಲ್ಲೇ ಉಣ್ಣುತ್ತಿತ್ತು, ಮಲಗುತ್ತಿತ್ತು. ಊರಿಂದೂರಿಗೆ ಹೋಗುವ ರೈಲಿಗೆ ಗಾಡಿಯನ್ನು ತಗಲಿಸಿದರಾಯಿತು. ಯಾರ ಮನೆಬಾಗಿಲಲ್ಲೂ ಜಾಗ ಕೇಳುವ ಅವಮಾನವಿಲ್ಲ.

ಅದೇ 1925ರ ಫೆಬ್ರವರಿಯಲ್ಲಿ ಹುಟ್ಟೂರು ಚಟನೂಗಾದಲ್ಲಿ ಒಂದು ಘಟನೆ ನಡೆಯಿತು. ಔತಣವೊಂದರಲ್ಲಿ ಕುಡಿದು ಬಂದವನೊಬ್ಬ ಮೇಳದ ಹುಡುಗಿಯರನ್ನು ಪೀಡಿಸಿದ. ಬೆಸ್ಸಿ ಒಂದೇ ಏಟಿಗೆ ಅವನನ್ನು ನೆಲಕ್ಕೆ ಕೆಡವಿದಳು. ರಾತ್ರಿ ಹೊರಗೆ ಬಂದಾಗ ಆತ ಹೊಂಚಿದ್ದು ಚೂರಿ ಹಾಕಿದ. ಚೂರಿ ಮೈಯಲ್ಲಿರುವಾಗಲೇ ಆಕೆ ಅವನನ್ನು ಒಂದಷ್ಟು ದೂರ ಅಟ್ಟಿಸಿಕೊಂಡು ಹೋದಳಂತೆ. ಮರುದಿನ ಮಧ್ಯಾಹ್ನದ ಆಟಕ್ಕೆ ರಂಗದ ಮೇಲಿದ್ದಳು.

1927ರ ಜುಲೈ ತಿಂಗಳ ಕಥೆ ಇನ್ನೂ ದೊಡ್ಡದು. ಉತ್ತರ ಕೆರೊಲಿನಾದ ಕಾಂಕರ್ಡ್ ಎಂಬಲ್ಲಿ ಡೇರೆಯೊಳಗೆ ಆಟ ನಡೆಯುತ್ತಿತ್ತು. ಸೆಕೆ ತಾಳಲಾರದೆ ಹೊರಗೆ ಬಂದ ವಾದ್ಯಗಾರನೊಬ್ಬ ಕಂಡದ್ದು ಬಿಳಿ ನಿಲುವಂಗಿ, ಮುಖಗವಸು ತೊಟ್ಟ ಐದಾರು ಜನರನ್ನು. ಕಪ್ಪುಜನರನ್ನು ಸುಡುವುದಕ್ಕೂ ನೇಣು ಹಾಕುವುದಕ್ಕೂ ಹೇಸದ ಕು ಕ್ಲಕ್ಸ್ ಕ್ಲಾನ್ ಎಂಬ ಪಂಗಡದವರು. ತುಂಬಿದ ಡೇರೆಯನ್ನು ಜನರ ಮೇಲೆ ಬೀಳಿಸಲೆಂದು ಗೂಟ ಕೀಳುತ್ತಿದ್ದರು. ಸುದ್ದಿ ಕೇಳಿದ ಬೆಸ್ಸಿ ಮೇಳದ ಆಳುಗಳನ್ನು ಕರೆದಳು. ಬಂದವರು ಅವರನ್ನು ಕಂಡೊಡನೆ ಹಿಂದೆ ಸರಿದರು. ಆಕೆ ಒಬ್ಬಳೇ ಅವರತ್ತ ನಡೆದು, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಮುಷ್ಟಿ ಎತ್ತಿ, ಬಾಯಿಗೆ ಬಂದಂತೆ ಬೈದು, ಡೇರೆಯ ಜನರನ್ನೆಲ್ಲ ಹೊರಗೆ ಕರೆಯುತ್ತೇನೆಂದು ಗದರಿಸಿದಳು. ಮುಖಗವಸಿನವರು ಬೆಪ್ಪಾಗಿ ನಿಂತು, ಮೆಲ್ಲನೆ ಕತ್ತಲೆಗೆ ಸರಿದರು. ಆಕೆ ಹೆದರಿದ ಆಳುಗಳಿಗೆ ನಾಲ್ಕು ಮಾತು ಹೇಳಿ ಒಳಗೆ ಹೋಗಿ ಹಾಡು ಮುಂದುವರಿಸಿದಳು. ಕ್ಯಾಮರಾ ಇಲ್ಲದ ಕಡೆಯ ಬೆಸ್ಸಿ ಸ್ಮಿತ್ ಇವಳು.

ಹಾಡು ಕಟ್ಟುವುದರಲ್ಲೂ ಆಕೆ ಸಮರ್ಥಳು. 1926ರ ಕ್ರಿಸ್ಮಸ್ ಹೊತ್ತಿಗೆ ಟೆನೆಸೀಯ ನ್ಯಾಶ್‌ವಿಲ್‌ನಲ್ಲಿ ಕಂಬರ್ಲೆಂಡ್ ನದಿ ಉಕ್ಕಿ ಮನೆಗಳು ಮುಳುಗಿದ್ದವು. ಅದನ್ನು ಕಂಡು ಆಕೆ ಕಟ್ಟಿದ ‘ಬ್ಯಾಕ್ ವಾಟರ್ ಬ್ಲೂಸ್’ 1927ರ ಫೆಬ್ರವರಿಯಲ್ಲಿ ಮುದ್ರಣವಾಯಿತು. ಎರಡು ತಿಂಗಳಲ್ಲೇ ಮಿಸಿಸಿಪಿ ನದಿಯ ಮಹಾಪ್ರವಾಹ ಬಂದು ಲಕ್ಷಾಂತರ ಜನ ಮನೆಮಾರು ಕಳೆದುಕೊಂಡರು. ಆ ಸಂಕಟಕ್ಕೆ ಈ ಹಾಡೇ ಬಾಯಾಯಿತು. 1928ರ ‘ಪೂರ್ ಮ್ಯಾನ್ಸ್ ಬ್ಲೂಸ್’ ಸಿರಿವಂತರನ್ನು ನೇರವಾಗಿ ಪ್ರಶ್ನಿಸುವ ಬಡವನ ಹಾಡು.

ಗುಣವನ್ನು ಹೇಳುವಾಗ ದೋಷವನ್ನು ಮುಚ್ಚಬೇಕಾಗಿಲ್ಲ. ಬೆಸ್ಸಿಗೆ ಕುಡಿತದ ಚಟ ಬಲವಾಗಿತ್ತು. ಕೋಪ ಬಂದರೆ ಕೈ ಮುಂದಾಗುತ್ತಿತ್ತು. ಹಣ ಬಂದಷ್ಟೇ ವೇಗದಲ್ಲಿ ಹೋಗುತ್ತಿತ್ತು. ಅದರಲ್ಲಿ ಬಹುಪಾಲು ಅಕ್ಕಂದಿರ ಕುಟುಂಬಕ್ಕೆ, ಕಷ್ಟದಲ್ಲಿದ್ದ ಕಲಾವಿದರಿಗೆ, ಗಂಡನಿಗೆ ಸಂದಿತು. 1923ರ ಜೂನ್ ತಿಂಗಳಲ್ಲಿ ಜ್ಯಾಕ್ ಜೀ ಎಂಬವನನ್ನು ಮದುವೆಯಾಗಿದ್ದಳು. ಇಬ್ಬರ ನಡುವೆ ಜಗಳ, ಹೊಡೆದಾಟ, ಪರಸ್ಪರ ದ್ರೋಹ ಎಲ್ಲವೂ ಇತ್ತು. ಆಕೆಯ ಹಣದಿಂದಲೇ ಆತ ಬೇರೊಬ್ಬ ಗಾಯಕಿಯ ಆಟಕ್ಕೆ ಬಂಡವಾಳ ಹಾಕಿದ್ದು ತಿಳಿದಾಗ, 1929ರಲ್ಲಿ, ಸಂಬಂಧ ಮುರಿದುಬಿತ್ತು.

ತೆರೆಯ ಮೇಲೆ ಒಮ್ಮೆ

ಹೀಗೆ ಸಂಸಾರ ಒಡೆಯುತ್ತಿದ್ದ ವರ್ಷದಲ್ಲೇ ಚಿತ್ರದ ಕರೆ ಬಂತು. ಹಾಡಿನ ಕರ್ತೃ ಹ್ಯಾಂಡಿಯೇ ಬೆಸ್ಸಿಯ ಹೆಸರನ್ನು ಸೂಚಿಸಿದ್ದ. ನಿರ್ದೇಶಕ ಡಡ್ಲಿ ಮರ್ಫಿ. ಜಿಮ್ಮಿ ಎಂಬ ದಾಳದ ಜೂಜುಗಾರನಾಗಿ ನರ್ತಕ ಜಿಮ್ಮಿ ಮೊರ್ಡಕೈ. ಇನ್ನೊಬ್ಬಳಾಗಿ ಇಸಬೆಲ್ ವಾಷಿಂಗ್ಟನ್. ಪಿಯಾನೋಗೆ ಜೇಮ್ಸ್ ಪಿ. ಜಾನ್ಸನ್, ಹಿಂದೆ ಹಾಲ್ ಜಾನ್ಸನ್ ವೃಂದದ ಗಾಯಕರು.

ಕಥೆ ಇಷ್ಟೇ. ತನ್ನ ಕೋಣೆಯಲ್ಲಿ ಜಿಮ್ಮಿ ಬೇರೆಯವಳೊಡನೆ ಇರುವುದನ್ನು ಬೆಸ್ಸಿ ಕಾಣುತ್ತಾಳೆ. ಅವಳನ್ನು ಹೊಡೆದಟ್ಟುತ್ತಾಳೆ. ಜಿಮ್ಮಿ ಬೆಸ್ಸಿಯನ್ನು ನೆಲಕ್ಕೆ ನೂಕಿ ನಡೆದುಬಿಡುತ್ತಾನೆ. ನೆಲದ ಮೇಲೆಯೇ ಆಕೆಯ ಹಾಡು ಆರಂಭವಾಗುತ್ತದೆ. ಮುಂದಿನ ದೃಶ್ಯ ಒಂದು ಮದ್ಯದಂಗಡಿ. ಆಕೆ ಕಟ್ಟೆಗೆ ಒರಗಿ, ಬಟ್ಟಲು ಮುಂದಿಟ್ಟುಕೊಂಡು ಹಾಡುತ್ತಾಳೆ. ಸುತ್ತಲಿನ ಮೇಜುಗಳಲ್ಲಿ ಕುಳಿತವರು ಒಬ್ಬೊಬ್ಬರಾಗಿ ದನಿಗೂಡಿಸಿ, ಕೊನೆಗೆ ಆ ಅಂಗಡಿಯೇ ಪ್ರಾರ್ಥನಾ ಮಂದಿರವಾದಂತೆ ತೋರುತ್ತದೆ. ಅಷ್ಟರಲ್ಲಿ ಜಿಮ್ಮಿ ಬರುತ್ತಾನೆ. ಆಕೆಯ ಮುಖ ಅರಳುತ್ತದೆ. ತಬ್ಬಿ ಕುಣಿಯುತ್ತಲೇ ಆತ ಆಕೆಯ ಕಾಲುಚೀಲದಲ್ಲಿದ್ದ ಹಣ ಎಗರಿಸಿ, ಆಕೆಯನ್ನು ದೂಡಿ, ನಗುತ್ತ ಹೊರಟುಹೋಗುತ್ತಾನೆ. ಮತ್ತೆ ಹಾಡು.

ಜೂಜು, ಕುಡಿತ, ಹೊಡೆತ ಇವೇ ಕಪ್ಪುಜನರ ಬದುಕೆಂದು ತೋರಿಸಿದ ಚಿತ್ರವೆಂಬ ಆಕ್ಷೇಪ ಬಂದಿದೆ. ಆಕ್ಷೇಪ ನ್ಯಾಯವಾದದ್ದೇ. ಆದರೆ ಹಾಡು ಶುರುವಾದೊಡನೆ ಕಥೆ ಹಿಂದೆ ಸರಿಯುತ್ತದೆ. ಎತ್ತರದ, ತುಂಬು ಮೈಯ ಆ ಹೆಂಗಸು ಕೈಬೀಸುವುದಿಲ್ಲ, ಕಣ್ಣೀರು ಹರಿಸುವುದಿಲ್ಲ. ಅಲುಗಾಡದೆ ನಿಂತು ಹಾಡುತ್ತಾಳೆ. ನಲವತ್ತು ಜನರ ವೃಂದ ಹಿಂದಿದ್ದರೂ ಕಿವಿಗೆ ಮುಟ್ಟುವುದು ಆಕೆಯ ಕಂಠ. ಕಥೆ ಆಕೆಯನ್ನು ನೆಲಕ್ಕೆ ಕೆಡವಿದರೆ ಹಾಡು ಎತ್ತಿ ನಿಲ್ಲಿಸುತ್ತದೆ. 2006ರಲ್ಲಿ ಅಮೆರಿಕದ ರಾಷ್ಟ್ರೀಯ ಚಲಚ್ಚಿತ್ರ ದಾಖಲೆಯಲ್ಲಿ, ಶಾಶ್ವತವಾಗಿ ಕಾಪಾಡಬೇಕಾದವುಗಳ ಪಟ್ಟಿಗೆ, ಈ ಚಿತ್ರ ಸೇರಿತು.

ಇಳಿಗಾಲ

ಚಿತ್ರ ತಯಾರಾಗುವ ಒಂದು ತಿಂಗಳ ಹಿಂದೆ, 1929ರ ಮೇ 15ರಂದು, ಆಕೆ ಇನ್ನೊಂದು ಹಾಡು ಮುದ್ರಿಸಿದ್ದಳು. ಸಿರಿಯಿದ್ದಾಗ ಸುತ್ತಿದ ಗೆಳೆಯರು ಕೈ ಬರಿದಾದಾಗ ಗುರುತು ಹಿಡಿಯುವುದಿಲ್ಲವೆಂಬ ಅರ್ಥದ, ಜಿಮ್ಮಿ ಕಾಕ್ಸ್ ರಚಿಸಿದ ಹಾಡು. ಆ ವರ್ಷದ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿದು ದೇಶವೇ ದಿವಾಳಿಯತ್ತ ಸಾಗಿತು. ತಟ್ಟೆ ಕೊಳ್ಳುವವರಿಲ್ಲದಾದರು. ಬಾನುಲಿ, ವಾಕ್ಚಿತ್ರಗಳ ಎದುರು ಊರೂರಿನ ರಂಗಮಂದಿರಗಳು ಮುಚ್ಚಿದವು. 1931ರಲ್ಲಿ ಕೊಲಂಬಿಯಾ ಆಕೆಯನ್ನು ಕೈಬಿಟ್ಟಿತು. ಹಳದಿ ರೈಲುಗಾಡಿಯೂ ಹೋಯಿತು.

ಆಕೆ ಹಾಡುವುದನ್ನು ಬಿಡಲಿಲ್ಲ. 1933ರ ನವೆಂಬರ್ 24ರಂದು ಜಾನ್ ಹ್ಯಾಮಂಡ್ ಎಂಬ ಯುವ ಸಂಗೀತ ಪ್ರೇಮಿ ಆಕೆಯಿಂದ ನಾಲ್ಕು ಹಾಡು ಮುದ್ರಿಸಿದ. ಒಂದಕ್ಕೆ 37.50 ಡಾಲರ್. ಅವು ಅಳಲಿನ ಹಾಡುಗಳಲ್ಲ. ಹೊಸ ಸ್ವಿಂಗ್ ಲಯದ, ಮೋಜಿನ ಹಾಡುಗಳು. ಕಾಲ ಬದಲಾದದ್ದನ್ನು ಆಕೆ ಅರಿತಿದ್ದಳು. ಅವೇ ಆಕೆಯ ಕಡೆಯ ಧ್ವನಿಮುದ್ರಿಕೆಗಳಾದವು. ಮೂರು ದಿನಗಳ ಬಳಿಕ ಅದೇ ಹ್ಯಾಮಂಡ್ ಬಿಲ್ಲಿ ಹಾಲಿಡೇ ಎಂಬ ಹದಿಹರೆಯದ ಹುಡುಗಿಯ ಮೊದಲ ತಟ್ಟೆ ಮಾಡಿಸಿದ. ಬೆಸ್ಸಿಯ ತಟ್ಟೆಗಳನ್ನು ಕೇಳಿ ಬೆಳೆದವಳು ಅವಳು. 1936ರಲ್ಲಿ ಅವಳು ಕಾಯಿಲೆ ಬಿದ್ದಾಗ ನ್ಯೂಯಾರ್ಕಿನ ಕನೀಸ್ ಇನ್ ಎಂಬಲ್ಲಿ ಬದಲಿಗೆ ಹಾಡಿದವಳು ಬೆಸ್ಸಿ. ಒಳ್ಳೆಯ ದಿನಗಳು ಮರಳುವ ಲಕ್ಷಣವಿತ್ತು.

61ನೇ ಹೆದ್ದಾರಿಯಲ್ಲಿ

1937ರ ಸೆಪ್ಟೆಂಬರ್ 26ರ ನಸುಕಿನ ಮೊದಲು ಮೆಂಫಿಸ್‌ನಿಂದ ಮಿಸಿಸಿಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್ ಕಡೆಗೆ 61ನೇ ಹೆದ್ದಾರಿಯಲ್ಲಿ ಕಾರು ಹೋಗುತ್ತಿತ್ತು. ಓಡಿಸುತ್ತಿದ್ದವನು ಆಕೆಯ ಸಂಗಾತಿ ರಿಚರ್ಡ್ ಮಾರ್ಗನ್. ಎದುರಿನ ಲಾರಿಯ ವೇಗ ಕತ್ತಲೆಯಲ್ಲಿ ಅಂದಾಜಾಗದೆ ಕಾರು ಅದರ ಹಿಂಬದಿಗೆ ಬಡಿಯಿತು. ಬೆಸ್ಸಿಯ ಬಲಗೈ ಮೊಣಕೈಯ ಬಳಿ ಬಹುತೇಕ ಕತ್ತರಿಸಿಹೋಯಿತು. ಮೀನು ಹಿಡಿಯಲು ಹೊರಟಿದ್ದ ಮೆಂಫಿಸ್‌ನ ಬಿಳಿಯ ಶಸ್ತ್ರವೈದ್ಯ ಹ್ಯೂ ಸ್ಮಿತ್ ಅದೇ ದಾರಿಯಲ್ಲಿ ಬಂದು ಶುಶ್ರೂಷೆ ಮಾಡಿದರು. ಆಂಬುಲೆನ್ಸ್ ತಡವಾದದ್ದರಿಂದ ತಮ್ಮ ಕಾರಿನಲ್ಲೇ ಒಯ್ಯಲು ಸಿದ್ಧರಾದಾಗ ಇನ್ನೊಂದು ಕಾರು ಬಂದು ಆ ಕಾರಿಗೇ ಗುದ್ದಿತು. ಕೊನೆಗೆ ಆಂಬುಲೆನ್ಸ್ ಆಕೆಯನ್ನು ಕ್ಲಾರ್ಕ್ಸ್‌ಡೇಲಿನ ಕಪ್ಪುಜನರ ಆಸ್ಪತ್ರೆಗೆ ನೇರವಾಗಿ ಒಯ್ದಿತು. ಕೈ ಕತ್ತರಿಸಿದರು. ಪ್ರಜ್ಞೆ ಮರಳದೆ ಅದೇ ದಿನ ಮಧ್ಯಾಹ್ನದೊಳಗೆ ಆಕೆ ತೀರಿಕೊಂಡಳು.

ಬಿಳಿಯರ ಆಸ್ಪತ್ರೆ ಸೇರಿಸಿಕೊಳ್ಳದೆ ಸತ್ತಳೆಂಬ ಸುದ್ದಿಯನ್ನು ಆ ವರ್ಷವೇ ಪತ್ರಿಕೆಯಲ್ಲಿ ಬರೆದವನು ಜಾನ್ ಹ್ಯಾಮಂಡ್. ಕೇಳಿದ್ದನ್ನು ಪರೀಕ್ಷಿಸದೆ ಬರೆದಿದ್ದ. ನಾಟಕಕಾರ ಎಡ್ವರ್ಡ್ ಆಲ್ಬೀ ಅದರ ಮೇಲೆಯೇ ಆಕೆಯ ಸಾವಿನ ನಾಟಕ ಕಟ್ಟಿದ. ಜೀವನಚರಿತ್ರೆಕಾರ ಕ್ರಿಸ್ ಆಲ್ಬರ್ಟ್‌ಸನ್ ಆ ವೈದ್ಯರನ್ನೇ ಕಂಡು ವಿಚಾರಿಸಿ, 1972ರ ಗ್ರಂಥದಲ್ಲಿ ನಿಜವನ್ನು ಬೆಳಕಿಗೆ ತಂದ. ಸುಳ್ಳನ್ನು ಜನ ನಂಬಿದ್ದೇಕೆಂಬುದನ್ನೂ ಯೋಚಿಸಬೇಕು. ಹಾಗೆ ನಿಜವಾಗಿ ಸತ್ತವರು ಎಷ್ಟೋ ಮಂದಿ ಇದ್ದರು. ಕರಿಯ ಹೆಂಗಸನ್ನು ಬಿಳಿಯರ ಆಸ್ಪತ್ರೆಗೆ ಒಯ್ಯುವ ಯೋಚನೆಯೇ ಆ ನಾಡಿನಲ್ಲಿ ಯಾವ ಚಾಲಕನಿಗೂ ಬರುತ್ತಿರಲಿಲ್ಲ. ಬಾಗಿಲು ಮುಚ್ಚಬೇಕಾಗಿಯೇ ಇರಲಿಲ್ಲ, ಏಕೆಂದರೆ ತಟ್ಟುವವರೇ ಇರಲಿಲ್ಲ.

ಕಲ್ಲಿನ ಋಣ

1937ರ ಅಕ್ಟೋಬರ್ 4ರಂದು ಫಿಲಡೆಲ್ಫಿಯಾದಲ್ಲಿ ನಡೆದ ಅಂತ್ಯಕ್ರಿಯೆಗೆ ಏಳು ಸಾವಿರದಷ್ಟು ಜನ ಸೇರಿದರು. ಪೇಟೆಯ ಹೊರಗಿನ ಮೌಂಟ್ ಲಾನ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಮೇಲೊಂದು ಕಲ್ಲು ನೆಡಲಿಲ್ಲ. ಕಲ್ಲಿಗೆಂದು ಕೂಡಿಸಿದ ಹಣವನ್ನು ಬೇರೆಯಾಗಿದ್ದ ಗಂಡನೇ ಜೇಬಿಗಿಳಿಸಿದನೆಂದು ಆಲ್ಬರ್ಟ್‌ಸನ್ ಬರೆದಿದ್ದಾನೆ. ಮೂವತ್ತಮೂರು ವರ್ಷ ಆ ಜಾಗದಲ್ಲಿ ಹುಲ್ಲು ಮಾತ್ರ ಬೆಳೆಯಿತು. ಆಕೆಯ ತಟ್ಟೆಗಳು ಮಾತ್ರ ಮತ್ತೆ ಮತ್ತೆ ಅಚ್ಚಾಗಿ ಮಾರಾಟವಾಗುತ್ತಿದ್ದವು.

ಅಷ್ಟರಲ್ಲಿ ಬ್ಲೂಸ್ ವಿದ್ಯುತ್ ಗಿಟಾರಿನ ಅಬ್ಬರದೊಡನೆ ಸೇರಿ ಬ್ಲೂಸ್ ರಾಕ್ ಆಗಿತ್ತು. ಅದರ ದೊಡ್ಡ ಗಾಯಕಿ ಜಾನಿಸ್ ಜಾಪ್ಲಿನ್. ಟೆಕ್ಸಾಸ್‌ನ ಪೋರ್ಟ್ ಆರ್ಥರ್ ಪಟ್ಟಣದ ಬಿಳಿಯ ಹುಡುಗಿ. ಎಳವೆಯಲ್ಲಿ ಬೆಸ್ಸಿಯ ತಟ್ಟೆ ಕೇಳಿ ಹಾಡಲು ಕಲಿತವಳು. 1967ರ ಜೂನ್ ತಿಂಗಳಲ್ಲಿ ಮಾಂಟೆರೆ ಉತ್ಸವದಲ್ಲಿ ಆಕೆ ಕಪ್ಪು ಗಾಯಕಿ ಬಿಗ್ ಮಾಮಾ ಥಾರ್ನ್‌ಟನ್ ಕಟ್ಟಿದ ‘ಬಾಲ್ ಅಂಡ್ ಚೈನ್’ ಹಾಡಿದ್ದು ಚಿತ್ರೀಕರಣವಾಗಿ ಜಗತ್ತೇ ನೋಡಿತು. ಕಾಲು ಕುಟ್ಟಿ, ಗಂಟಲು ಹರಿಯುವಂತೆ ಕೂಗಿ ಹಾಡುವ ರೀತಿ ಅದು. ಅಲುಗಾಡದೆ ನಿಂತು ಹಾಡುವ ಬೆಸ್ಸಿಯದಕ್ಕೆ ತೀರ ಬೇರೆ. ಆದರೂ ತನ್ನ ಹಾಡಿನ ಬೇರು ಎಲ್ಲಿದೆಯೆಂಬುದನ್ನು ಜಾನಿಸ್ ಮರೆಯಲಿಲ್ಲ.

1970ರಲ್ಲಿ ಫಿಲಡೆಲ್ಫಿಯಾದ ಪತ್ರಿಕೆಯ ಓದುಗರ ಅಂಕಣಕ್ಕೆ ಒಬ್ಬ ಗೃಹಿಣಿಯ ಪತ್ರ ಬಂತು: ಬೆಸ್ಸಿ ಸ್ಮಿತ್‌ಳ ಸಮಾಧಿಗೆ ಗುರುತಿನ ಕಲ್ಲೇ ಇಲ್ಲ, ಏನಾದರೂ ಮಾಡಲಾಗದೇ ಎಂದು. ಕಲ್ಲಿನ ಖರ್ಚನ್ನು ಇಬ್ಬರು ಹೊತ್ತರು. ಒಬ್ಬಳು ಜಾನಿಸ್. ಇನ್ನೊಬ್ಬರು ಫಿಲಡೆಲ್ಫಿಯಾದ ದಾದಿ, ಕಪ್ಪುಜನರ ಹಕ್ಕುಗಳಿಗಾಗಿ ದುಡಿದ ಜುವಾನಿಟಾ ಗ್ರೀನ್. ಬಾಲ್ಯದಲ್ಲಿ ಆಕೆ ಬೆಸ್ಸಿಯ ಮನೆಯ ನೆಲ ಒರೆಸುವ ಕೆಲಸಕ್ಕೆ ಹೋಗುತ್ತಿದ್ದವರು. ಹುಡುಗಿ ಒಮ್ಮೆ ರಂಗದಲ್ಲಿ ಹಾಡಿದ್ದನ್ನು ಕೇಳಿ, ನಿನಗೆ ಹಾಡು ಬರುವುದಿಲ್ಲ, ಶಾಲೆ ಬಿಡಬೇಡ ಎಂಬ ಬುದ್ಧಿ ಹೇಳಿದ್ದಳಂತೆ ಬೆಸ್ಸಿ. ಆ ಬುದ್ಧಿಮಾತು ಕೇಳಿ ಓದಿದ ಹುಡುಗಿಯೇ ಹೇಳಿದವಳಿಗೆ ಕಲ್ಲು ನೆಟ್ಟದ್ದು. 1970ರ ಆಗಸ್ಟ್ 7ರಂದು ಅದನ್ನು ಅನಾವರಣ ಮಾಡಿದರು. ಜಗತ್ತಿನ ಅತಿ ದೊಡ್ಡ ಬ್ಲೂಸ್ ಗಾಯಕಿಯ ಹಾಡು ನಿಲ್ಲದೆಂಬ ಅರ್ಥದ ಬರಹ ಅದರಲ್ಲಿದೆ.

ಎರಡು ತಿಂಗಳೂ ತುಂಬಲಿಲ್ಲ. 1970ರ ಅಕ್ಟೋಬರ್ 4ರಂದು, ಬೆಸ್ಸಿಯ ಅಂತ್ಯಕ್ರಿಯೆ ನಡೆದ ಅದೇ ತಾರೀಖಿನಂದು, ಮಾದಕ ದ್ರವ್ಯ ಮಿತಿಮೀರಿ ಜಾನಿಸ್ ತೀರಿಕೊಂಡಳು. ವಯಸ್ಸು 27. ಬೂದಿಯನ್ನು ಕ್ಯಾಲಿಫೋರ್ನಿಯಾದ ಕಡಲಿಗೆ ಬಿಟ್ಟರು. ಪರರ ಸಮಾಧಿಗೆ ಕಲ್ಲು ಕೊಟ್ಟವಳಿಗೆ ತನ್ನದೆಂಬ ಸಮಾಧಿಯಿಲ್ಲ.

ಆಮೇಲೆ ಬೆಸ್ಸಿಗೆ ಗೌರವಗಳು ಬಂದವು. 1989ರಲ್ಲಿ ರಾಕ್ ಸಂಗೀತದವರು ತಮ್ಮ ಪೂರ್ವಸೂರಿಯೆಂದು ಆಕೆಯ ಹೆಸರನ್ನು ಕೀರ್ತಿಮಂದಿರಕ್ಕೆ ಸೇರಿಸಿದರು. 1994ರಲ್ಲಿ ಅಮೆರಿಕದ ಅಂಚೆ ಇಲಾಖೆ ಚೀಟಿ ಹೊರಡಿಸಿತು. ಚಟನೂಗಾದಲ್ಲಿ ಆಕೆಯ ಹೆಸರಿನ ಸಾಂಸ್ಕೃತಿಕ ಕೇಂದ್ರವಿದೆ. ಚಿಲ್ಲರೆಗಾಗಿ ಹಾಡಿದ ಹುಡುಗಿಯ ಹೆಸರನ್ನು ಆ ಊರು ಈಗ ಅಭಿಮಾನದಿಂದ ಹೇಳುತ್ತದೆ.

ಆ ಹದಿನಾರು ನಿಮಿಷದ ಚಿತ್ರವನ್ನು ಈಗ ಯಾರೂ ನೋಡಬಹುದು. ನೋಡುವವರು ಒಂದನ್ನು ನೆನಪಿಡಬೇಕು. ತೆರೆಯ ಮೇಲೆ ಜಿಮ್ಮಿ ನೂಕಿದಾಗ ಬೀಳುವ ಈ ಹೆಂಗಸು, ಎರಡು ವರ್ಷ ಹಿಂದೆ ಕಾಂಕರ್ಡ್‌ನ ಕತ್ತಲೆಯಲ್ಲಿ ಮುಖಗವಸಿನವರ ಮುಂದೆ ಒಂದು ಹೆಜ್ಜೆಯನ್ನೂ ಹಿಂದಿಟ್ಟಿರಲಿಲ್ಲ. ಬಿದ್ದವಳನ್ನು ಕಥೆ ಬರೆದವರು ಕಲ್ಪಿಸಿದರು; ಹಾಡುವವಳು ಮಾತ್ರ ಬೆಸ್ಸಿ ಸ್ಮಿತ್.